ದೇವರ ಹೆಸರು ಬೇಡ, ವರದ ಷರತ್ತು ಕೊಡಿ

ಫ್ಯಾಂಟಸಿ ಗೇಮ್‌ಗಳಿಗೆ ಲೋರ್ ಬರೆಯುವುದು ನನ್ನ ಕೆಲಸ. ಲೋರ್ ಅಂದರೆ ಆಟ ಶುರುವಾಗುವ ಮೊದಲೇ ಆ ಲೋಕದಲ್ಲಿ ನಡೆದುಹೋದ ಕಥೆ. ಯಾವ ದೇವರು ಯಾರ ಜೊತೆ ಜಗಳ ಆಡಿದ, ಈ ಗುಡಿ ಯಾಕೆ ಪಾಳುಬಿತ್ತು, ಆ ಕತ್ತಿಗೆ ಯಾರ ಶಾಪ, ಇಂಥದ್ದೆಲ್ಲ. ಬಹಳ ಆಟಗಾರರು ಇದನ್ನು ಓದುವುದೇ ಇಲ್ಲ, ಸ್ಕಿಪ್ ಒತ್ತಿ ಮುಂದೆ ಓಡುತ್ತಾರೆ. ಓದುವವರು ಮಾತ್ರ ಒಂದು ಅಕ್ಷರವನ್ನೂ ಬಿಡುವುದಿಲ್ಲ. ಎರಡೂ ಥರದವರಿಗೆ ಬರೆಯಬೇಕು.

ಹೊಸ ಗೇಮ್ ಅಂತ ಕೂತಾಗ ಟೀಮಿನಲ್ಲಿ ಮೊದಲು ಏಳುವ ಪ್ರಶ್ನೆ, "ಯಾವ ಪುರಾಣ ತಗೊಳ್ಳೋಣ?" ಗ್ರೀಕಾ, ಉತ್ತರ ಯುರೋಪಿನ ನಾರ್ಸಾ, ಈಜಿಪ್ಟಾ? ಅಷ್ಟರಲ್ಲಿ ಯಾರೋ ದೇವರುಗಳ ಪಟ್ಟಿ ಇರುವ ಶೀಟ್ ತೆರೆದಿರುತ್ತಾರೆ. ಗುಡುಗಿಗೆ ಒಬ್ಬ, ಸಾವಿಗೆ ಒಬ್ಬ, ಕಡಲಿಗೆ ಒಬ್ಬ. ನಾನು ಆ ಶೀಟ್ ಮುಚ್ಚಿಸಿ ಕೆಲಸ ಶುರು ಮಾಡುತ್ತೇನೆ. ಹೆಸರು ಸುಲಭಕ್ಕೆ ಸಿಗುವ ಸರಕು. ಎಷ್ಟು ಸುಲಭ ಅಂದರೆ, ಅದು ಕೈಯಿಂದ ಕೈಗೆ ಹೋಗುತ್ತಾ ಒಳಗಿನದ್ದೆಲ್ಲ ಉದುರಿಸಿಕೊಂಡು ಬರೀ ಸದ್ದಾಗಿ ಉಳಿಯುತ್ತದೆ.

ಬಹಾಮುತ್ ಅನ್ನುವ ಹೆಸರನ್ನೇ ನೋಡಿ. ಮಧ್ಯಕಾಲದ ಅರಬ್ಬೀ ಬರಹಗಳಲ್ಲಿ ಅದೊಂದು ದೈತ್ಯ ಮೀನು. ಮೀನಿನ ಮೇಲೆ ಗೂಳಿ, ಗೂಳಿಯ ಮೇಲೆ ಮಾಣಿಕ್ಯದ ಬಂಡೆ, ಬಂಡೆಯ ಮೇಲೆ ಭೂಮಿಯನ್ನು ಹೊತ್ತ ದೇವದೂತ. 1970ರ ದಶಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಅದನ್ನು ಡ್ರ್ಯಾಗನ್ ಮಾಡಿತು. 1987ರ ಮೊದಲ ಫೈನಲ್ ಫ್ಯಾಂಟಸಿಯಲ್ಲಿ ಅದು ಡ್ರ್ಯಾಗನ್‌ಗಳ ರಾಜ. ಅದೇ ಸರಣಿಯಲ್ಲಿ 1990ರ ಮೂರನೇ ಗೇಮ್‌ನಿಂದ ಶಿವ ಅಂದರೆ ಹಿಮದ ದೇವತೆ, ಅದೂ ಹೆಣ್ಣು. ಕೆಲವರಿಗೆ ನಗು ಬರುತ್ತದೆ, ಕೆಲವರಿಗೆ ಸಿಟ್ಟು. ನನ್ನ ತಕರಾರು ಬೇರೆ. ಭೂಮಿಯ ಭಾರವೆಲ್ಲ ಒಂದು ಮೀನಿನ ಮೇಲಿದೆ ಅಂದರೆ, ಆ ಮೀನಿಗೆ ತುರಿಕೆ ಎದ್ದರೆ ಏನಾಗುತ್ತದೆ? ಅಲ್ಲಿ ಒಂದು ಗೇಮ್ ಇತ್ತು. ಡ್ರ್ಯಾಗನ್ ರಾಜರು ಬೇಕಾದಷ್ಟು ಇದ್ದಾರೆ.

ಹೆಸರಿನ ಜೊತೆ ಯೋಚನೆಯನ್ನೂ ತಂದ ಗೇಮ್‌ಗಳಿವೆ. ಶಿನ್ ಮೆಗಾಮಿ ಟೆನ್ಸೈ ಸರಣಿಯಲ್ಲಿ ಎಲ್ಲ ಧರ್ಮಗಳ ದೇವರು, ದೆವ್ವಗಳು ಒಂದೇ ಸಂತೆಯಲ್ಲಿ ಸೇರಿದ ಹಾಗೆ ಸೇರಿರುತ್ತಾರೆ. ಎರಡನ್ನು ಕೂಡಿಸಿ ಮೂರನೆಯದನ್ನು ಮಾಡುವುದು ಆ ಆಟದ ಮುಖ್ಯ ವಿದ್ಯೆ. ಬಾಲಿ ದ್ವೀಪದ ಬರೊಂಗ್ ಮತ್ತು ರಂಗ್ಡಾ ಹುಟ್ಟಾ ವೈರಿಗಳು. ಒಬ್ಬ ಕಾಯುವವನು, ಇನ್ನೊಬ್ಬಳು ನಾಶ ಮಾಡುವವಳು. ಅಲ್ಲಿನ ನೃತ್ಯದಲ್ಲಿ ಅವರ ಯುದ್ಧ ಮುಗಿಯುವುದೇ ಇಲ್ಲ. ಗೇಮ್‌ನಲ್ಲಿ ಆ ಇಬ್ಬರನ್ನು ಕೂಡಿಸಿದರೆ ಶಿವ ಬರುತ್ತಾನೆ. ಭಾಷಣ ಇಲ್ಲ, ವಿವರಣೆ ಇಲ್ಲ. ಕೂಡಿಸುವ ಬಟನ್ ಒತ್ತಿದವನಿಗೆ ಅರ್ಥ ಕೈಯಲ್ಲೇ ಸಿಗುತ್ತದೆ. ನನ್ನ ಮಟ್ಟಿಗೆ ಪುರಾಣವನ್ನು ಗೇಮ್‌ಗೆ ತರುವುದು ಅಂದರೆ ಇದು. ಪುರಾಣದ ನಿಯಮ ಆಟದ ನಿಯಮವಾಗಬೇಕು. ಉಳಿದದ್ದೆಲ್ಲ ಬಣ್ಣ.

ಹಾಗಾಗಿ ನಾನು ಪುರಾಣ ಓದುವಾಗ ದೇವರುಗಳನ್ನು ಹುಡುಕುವುದಿಲ್ಲ. ಷರತ್ತುಗಳನ್ನು ಹುಡುಕುತ್ತೇನೆ. ವರ, ಶಾಪ, ಆಣೆ, ಅತಿಥಿಗೆ ಕೊಟ್ಟ ಮಾತು, ಮುಟ್ಟಬಾರದ ಹಣ್ಣು, ತಿರುಗಿ ನೋಡಬಾರದ ದಾರಿ. ಇವು ನೋಡುವುದಕ್ಕೆ ಕಥೆ, ಒಳಗೆ ಅಪ್ಪಟ ಗೇಮ್ ಡಿಸೈನ್. ವರದ ಕಥೆಗಳಂತೂ ಚಿನ್ನದ ಗಣಿ. ಹಿರಣ್ಯಕಶಿಪುವಿನದು ನಮಗೆಲ್ಲ ಬಾಯಿಪಾಠ: ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ಇಂದ್ರ ನಮುಚಿ ಅನ್ನುವ ಅಸುರನನ್ನು ಕೊಂದಿದ್ದು ನೀರಿನ ನೊರೆಯಿಂದ, ಯಾಕಂದರೆ ನೊರೆ ಒಣಗಿದ್ದೂ ಅಲ್ಲ, ಒದ್ದೆಯೂ ಅಲ್ಲ. ವೇಲ್ಸ್ ನಾಡಿನ ಮಾಬಿನೋಗಿ ಕಥೆಗಳಲ್ಲಿ ಒಬ್ಬ ವೀರನನ್ನು ಮನೆಯೊಳಗೂ ಕೊಲ್ಲಲಾಗದು, ಹೊರಗೂ ಆಗದು, ಕುದುರೆಯ ಮೇಲೂ ಆಗದು, ನೆಲದ ಮೇಲೂ ಆಗದು. ಹೆಂಡತಿ ಕೇಳಿದಳು ಅಂತ ಆ ಪುಣ್ಯಾತ್ಮ ಗುಟ್ಟು ಬಿಟ್ಟುಕೊಡುತ್ತಾನೆ. ಹೊಳೆ ದಂಡೆಯಲ್ಲಿ ಚಾವಣಿ ಹೊದಿಸಿದ ಸ್ನಾನದ ತೊಟ್ಟಿ, ಒಂದು ಕಾಲು ಅದರ ಅಂಚಿನ ಮೇಲೆ, ಇನ್ನೊಂದು ಕಾಲು ಆಡಿನ ಬೆನ್ನ ಮೇಲೆ. ಅಷ್ಟೇ ಸಾಲದು ಅಂತ ಹಾಗೆ ನಿಂತೂ ತೋರಿಸುತ್ತಾನೆ! ಈಟಿ ಹಿಡಿದವನು ಅಲ್ಲೇ ಕಾದಿರುತ್ತಾನೆ.

ನಾರ್ಸ್ ಕಥೆಯ ಬಾಲ್ಡರ್ ಅನ್ನುವ ದೇವರು ಇದೇ ಜಾತಿಯವನು. ತಾಯಿ ಫ್ರಿಗ್ ಲೋಕದ ಎಲ್ಲ ವಸ್ತುಗಳಿಂದಲೂ ಆಣೆ ಹಾಕಿಸುತ್ತಾಳೆ, ನನ್ನ ಮಗನಿಗೆ ಏನೂ ಮಾಡಬಾರದು ಅಂತ. ಮಿಸಲ್‌ಟೋ ಅನ್ನುವ ಬಂದಳಿಕೆ ಇನ್ನೂ ಎಳೆಯದು ಅಂತ ಅದೊಂದನ್ನು ಬಿಟ್ಟುಬಿಡುತ್ತಾಳೆ. ಲೋಕಿ ಅನ್ನುವ ಕಿತಾಪತಿ ದೇವರು ಅದನ್ನೇ ತಂದು ಬಾಲ್ಡರ್‌ನ ಕುರುಡ ಸೋದರನ ಕೈಗೆ ಕೊಟ್ಟು ಎಸೆಸುತ್ತಾನೆ. 2018ರ ಗಾಡ್ ಆಫ್ ವಾರ್ ಗೇಮ್ ಈ ಕಥೆ ತಗೊಂಡು, ಹಳೆಯ ಕಥೆ ಕೇಳದೆ ಬಿಟ್ಟ ಒಂದು ಪ್ರಶ್ನೆ ಕೇಳಿತು. ಏನೂ ತಾಗದ ಮೈಗೆ ಏನಾದರೂ ಅನ್ನಿಸುತ್ತದಾ? ಆ ಗೇಮ್‌ನ ಬಾಲ್ಡರ್‌ಗೆ ನೋವಿಲ್ಲ, ರುಚಿ ಇಲ್ಲ, ಬಿಸಿ ತಂಪು ಗೊತ್ತಾಗುವುದಿಲ್ಲ. ಮಗನನ್ನು ಉಳಿಸಿದ ತಾಯಿಯ ಮೇಲೆಯೇ ಅವನಿಗೆ ಹಗೆ. ಆ ತಾಯಿ, ಇಲ್ಲಿ ಫ್ರೇಯಾ, ಬಂದಳಿಕೆಯ ಬಾಣಗಳನ್ನು ಕಂಡ ಕೂಡಲೇ ಬೆಂಕಿಗೆ ಹಾಕುತ್ತಾಳೆ. ಕಾರಣ ಹೇಳುವುದಿಲ್ಲ. ಆದರೆ ಒಂದು ಮೊನೆ ಆಟದ ನಾಯಕನ ಮಗ, ಒಬ್ಬ ಹುಡುಗ, ಅವನ ಬತ್ತಳಿಕೆಯ ಪಟ್ಟಿಯಲ್ಲಿ ಉಳಿದಿರುತ್ತದೆ. ಬಾಲ್ಡರ್ ಹುಡುಗನಿಗೆ ಗುದ್ದಿದಾಗ ಅದು ಅವನ ಕೈಗೇ ಚುಚ್ಚುತ್ತದೆ. ವರ ಮುರಿಯುತ್ತದೆ, ಅವನಿಗೆ ನೋವಾಗುತ್ತದೆ, ಖುಷಿಯಾಗುತ್ತದೆ. ಅಷ್ಟು ಚೆನ್ನಾಗಿ ಹೆಣೆದದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ.

ನಮ್ಮ ಗೇಮ್‌ನಲ್ಲಿ ಒಬ್ಬ ರಾಜ ಇದ್ದಾನೆ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಕಾರಣ ಈಗಲೇ ಗೊತ್ತಾಗುತ್ತದೆ. ಅವನು ಬೇಡಿಕೊಂಡ ವರ ಹೀಗಿದೆ: "ನನ್ನ ಹೆಸರು ಬಲ್ಲ ಯಾರ ಕೈಯಿಂದಲೂ ನನಗೆ ಸಾವು ಬೇಡ. ನನ್ನ ಹೆಸರು ಅರಿಯದ ಯಾರ ಕೈಯಿಂದಲೂ ಸಾವು ಬೇಡ." ಮೊದಲ ಊರಿನಲ್ಲೇ ಆಟಗಾರನ ಕಿವಿಗೆ ಆ ಹೆಸರು ಬೀಳುತ್ತದೆ. ತಪ್ಪಿಸಿಕೊಳ್ಳಲು ದಾರಿ ಇಲ್ಲ, ಸಂಕದ ಕಾವಲುಗಾರನೇ ಅದನ್ನು ಕೂಗಿ ಹೇಳುತ್ತಾನೆ. ಜರ್ನಲ್‌ನಲ್ಲಿ, ಅಂದರೆ ಆಟದೊಳಗಿನ ಟಿಪ್ಪಣಿ ಪುಸ್ತಕದಲ್ಲಿ, ಹೆಸರು ತಾನಾಗಿ ಬರೆದುಕೊಳ್ಳುತ್ತದೆ. ಮುಂದೆ ರಾಜನ ಎದುರು ನಿಂತು ಎಷ್ಟು ಹೊಡೆದರೂ ಸೊನ್ನೆ.

ಬಲ್ಲವನೂ ಅಲ್ಲದ, ಅರಿಯದವನೂ ಅಲ್ಲದ ಮನುಷ್ಯ ಯಾರು? ಗೊತ್ತಿದ್ದು ಮರೆತವನು. ಅದಕ್ಕೆ ಒಂದು ಕೆರೆ ಬೇಕಾಯಿತು. ಗ್ರೀಕರ ಲೀಥಿ ನದಿಯ ನೀರು ಕುಡಿದರೆ ಸತ್ತವರು ಹಿಂದಿನದನ್ನೆಲ್ಲ ಮರೆಯುತ್ತಾರೆ, ಆ ಯೋಚನೆ ಅಲ್ಲಿಂದ ಬಂತು. ನಮ್ಮ ಕೆರೆಯಲ್ಲಿ ಮುಳುಗಿ ಎದ್ದರೆ ಜರ್ನಲ್‌ನ ಪುಟಗಳು ಅಳಿಸಿ ಹೋಗುತ್ತವೆ. ರಾಜನ ಹೆಸರೊಂದೇ ಅಲ್ಲ, ಆ ಸೀಮೆಯಲ್ಲಿ ಬರೆದುಕೊಂಡ ಗುರುತುಗಳೆಲ್ಲ ಹೋಗುತ್ತವೆ. ಯಾರಿಗೆ ಏನು ತಂದುಕೊಡಬೇಕಿತ್ತು, ಯಾವ ಗುಹೆಯಲ್ಲಿ ಏನಿತ್ತು, ಎಲ್ಲ. ಆಮೇಲೆ ಊರಿನವರು ರಾಜನ ಹೆಸರು ಹೇಳಿದಾಗ ಪರದೆಯ ಮೇಲೆ ಬರೀ ಒಂದು ಗೆರೆ ಕಾಣುತ್ತದೆ. ಬೆಲೆ ತೆರದೆ ಮರೆವು ಬರಬಾರದು ಅಂತ ನಾನು ಹಟ ಹಿಡಿದಿದ್ದೆ. ಪುರಾಣಗಳಲ್ಲಿ ಪುಕ್ಕಟೆ ಏನೂ ಸಿಗುವುದಿಲ್ಲ.

ಆಡಿ ನೋಡಿದವರಲ್ಲಿ ಒಬ್ಬರು ಜಗಳಕ್ಕೇ ಬಂದರು. "ನನ್ನ ಪಾತ್ರ ಮರೆತಿರಬಹುದು. ನನಗೆ ನೆನಪಿದೆಯಲ್ಲ? ಇದು ಮೋಸ ಅಲ್ವಾ?" ಎಷ್ಟು ಒಳ್ಳೆಯ ಪ್ರಶ್ನೆ! ಇದರಿಂದಲೇ ಆ ಕಾಳಗದ ಅತ್ಯುತ್ತಮ ಗಳಿಗೆ ಹುಟ್ಟಿತು. ಕಾಳಗದ ನಡುವೆ ರಾಜ ನಿಂತು ಕೇಳುತ್ತಾನೆ, "ಹೇಳು, ನಾನು ಯಾರು?" ಪರದೆಯ ಮೇಲೆ ಅಕ್ಷರ ಬರೆಯುವ ಖಾಲಿ ಜಾಗ ತೆರೆಯುತ್ತದೆ. ಹೆಸರು ಬರೆದರೆ ವರ ಮತ್ತೆ ಗಟ್ಟಿಯಾಗುತ್ತದೆ, ಹೊಡೆತ ಮತ್ತೆ ಸೊನ್ನೆ. ಖಾಲಿ ಬಿಟ್ಟರೆ ರಾಜನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಾಣುತ್ತದೆ. ಗೊತ್ತಿದ್ದೂ ಸುಮ್ನಿರುವುದು ಎಷ್ಟು ಕಷ್ಟ ಅಂತ ಆಟಗಾರರ ಬೆರಳಿಗೆ ಆಗ ಗೊತ್ತಾಗುತ್ತದೆ.

ಇಂಥ ವರ ಬರೆಯುವಾಗ ಒಂದು ಕಟ್ಟುನಿಟ್ಟು ಇದೆ. ವರದ ಮಾತು ಗೇಮ್‌ನಲ್ಲಿ ಮೂರು ಕಡೆ ಬರುತ್ತದೆ: ಬಾಗಿಲ ಮೇಲಿನ ಕೆತ್ತನೆ, ಸೈನಿಕರು ಕುಡಿದು ಹಾಡುವ ಹಾಡು, ರಾಜನ ಸ್ವಂತ ಬಾಯಿ. ಮೂರರಲ್ಲೂ ಪದಗಳು ಒಂದೇ. ಒಂದು ಪದ ಆಚೀಚೆ ಆದರೂ ಆಟಗಾರನಿಗೆ ಮೋಸ ಮಾಡಿದ ಹಾಗೆ. ನಮ್ಮ ಪ್ರೋಗ್ರಾಮರ್ ಗೆಳೆಯ ಇದನ್ನು ನೋಡಿ, "ಅಸುರರೆಲ್ಲ ಟೆಸ್ಟಿಂಗ್ ಮಾಡದೆ ಕೋಡ್ ಬಿಟ್ಟವರು ಮಾರಾಯ" ಅಂದ. ಆಮೇಲೆ ಟೀಮಿನಲ್ಲಿ ಎಲ್ಲರೂ ಅದನ್ನೇ ಹೇಳತೊಡಗಿದರು.

ವರದ ಮಾತೊಂದು ಬಿಟ್ಟು ಉಳಿದ ಲೋರ್‌ನಲ್ಲಿ ನಾನು ಮಾಡುವುದು ಪೂರಾ ಉಲ್ಟಾ. ಅಲ್ಲಿ ಯಾವ ಇಬ್ಬರೂ ಒಂದೇ ಕಥೆ ಹೇಳಬಾರದು. ಇದನ್ನು ನಾನು ಕಲಿತದ್ದು 2002ರ ಮೊರೊವಿಂಡ್ ಆಡುತ್ತಾ. ಅಲ್ಲಿ ನೆರೆವಾರ್ ಅನ್ನುವ ವೀರ ಕೆಂಪು ಬೆಟ್ಟದ ಯುದ್ಧದಲ್ಲಿ ಹೇಗೆ ಸತ್ತ ಅನ್ನುವುದಕ್ಕೆ ಬೇರೆ ಬೇರೆ ಕಥೆಗಳಿವೆ. ದೇವಾಲಯದವರ ಪ್ರಕಾರ ಯುದ್ಧದ ಗಾಯದಿಂದ. ಅಲೆಮಾರಿ ಬುಡಕಟ್ಟಿನವರ ಪ್ರಕಾರ, ಈಗ ದೇವರಾಗಿ ಕೂತಿರುವ ಮೂವರೇ ಅವನನ್ನು ಕೊಂದರು. ಎರಡೂ ಕಡೆಯ ಬರಹಗಳು ಆಟದೊಳಗೆ ಪುಸ್ತಕಗಳಾಗಿ ಸಿಗುತ್ತವೆ. ಗೇಮ್ ತೀರ್ಪು ಕೊಡುವುದಿಲ್ಲ. ಆ ಮೂವರಲ್ಲಿ ಒಬ್ಬನಾದ ವಿವೆಕ್‌ನ ಮೈ ಅರ್ಧ ಚಿನ್ನದ ಬಣ್ಣ, ಅರ್ಧ ಬೂದು. ಅರ್ಧನಾರೀಶ್ವರನನ್ನು ನೋಡಿ ಬೆಳೆದ ನಮಗೆ ಅದು ಥಟ್ಟನೆ ಹಿಡಿಯುತ್ತದೆ. ಇನ್ನೂ ಮಜಾ ಅಂದರೆ, ಆಟಗಾರನೇ ನೆರೆವಾರ್‌ನ ಮರುಹುಟ್ಟು ಅಂತ ಭವಿಷ್ಯವಾಣಿ ಇದೆ. ಒಂದು ಗುಹೆಗೆ ಹೋದರೆ, ಹಿಂದೆ ಹಾಗೇ ನಂಬಿ ಬಂದು ಸೋತು ಸತ್ತವರ ಆತ್ಮಗಳು ಮಾತಾಡಿಸುತ್ತವೆ. ನೀನು ನಿಜವಾದವನೋ, ಇವರ ಹಾಗೇ ಇನ್ನೊಬ್ಬನೋ?

"ಮೂಲದಲ್ಲಿ ಹೀಗಿಲ್ಲ" ಅನ್ನುವ ಆಕ್ಷೇಪ ನನಗೆ ಆಗಾಗ ಬರುತ್ತದೆ. ಯಾವ ಮೂಲ? ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ. ಇವು ಸಾವಿರ ವರ್ಷದ ಹತ್ತಿರದ ಮಾತು. ನಾರ್ಸ್ ಪುರಾಣ ಅಂತ ಗೇಮ್‌ಗಳು ತೆಗೆದುಕೊಳ್ಳುವುದರಲ್ಲಿ ಬಹುಪಾಲು ಐಸ್‌ಲ್ಯಾಂಡ್‌ನ ಸ್ನೋರಿ ಸ್ಟರ್ಲುಸನ್ 13ನೇ ಶತಮಾನದಲ್ಲಿ ಬರೆದಿಟ್ಟದ್ದು. ಅಷ್ಟು ಹೊತ್ತಿಗೆ ಐಸ್‌ಲ್ಯಾಂಡ್ ಕ್ರೈಸ್ತ ನಾಡಾಗಿ 200 ವರ್ಷ ಕಳೆದಿತ್ತು. ಅಂದರೆ ನಾರ್ಸ್ ದೇವರುಗಳ ಒಡೆಯ ಓಡಿನ್‌ನನ್ನು ಪೂಜಿಸದವನೊಬ್ಬ ಬರೆದ ಓಡಿನ್ ಕಥೆ ನಮ್ಮ ಕೈಯಲ್ಲಿದೆ. ಡಯಾಬ್ಲೊ ಸರಣಿಯಲ್ಲಿ ರಾಕ್ಷಸನಾಗಿ ಬರುವ ಬಾಲ್ ಒಂದು ಕಾಲಕ್ಕೆ ಕಾನಾನ್ ಜನರ ಮಳೆ ಬಿರುಗಾಳಿಯ ದೇವರು. ಅವನನ್ನು ದೆವ್ವ ಮಾಡಿದ್ದು ಗೇಮ್‌ನವರಲ್ಲ, ಬೇರೆ ದೇವರನ್ನು ನಂಬಿದವರು. ಹಾಗಂತ ಗೇಮ್‌ನಲ್ಲಿ ಏನು ಬೇಕಾದರೂ ಮಾಡಬಹುದು ಅಂತಲ್ಲ. ಯಾರ ಬಾಯಿಂದ ಕಥೆ ಬರುತ್ತಿದೆ ಅನ್ನುವುದನ್ನು ಮರೆಮಾಚಬಾರದು ಅಷ್ಟೇ.

ನನ್ನ ಪದ್ಧತಿ ಸರಳ. ನಿಜಕ್ಕೂ ನಡೆದದ್ದು ಏನು ಅಂತ ಮೊದಲು ಒಂದು ಪುಟ್ಟ ಟಿಪ್ಪಣಿ ಬರೆಯುತ್ತೇನೆ. ಐದಾರು ಸಾಲು, ಜಾಸ್ತಿ ಇಲ್ಲ. ಅದರಲ್ಲಿ ಒಂದು ಮುಖ್ಯ ಸಂಗತಿಯನ್ನು ನನಗೂ ಗೊತ್ತಿಲ್ಲದ ಹಾಗೆ ಖಾಲಿ ಬಿಡುತ್ತೇನೆ. ಆಮೇಲೆ ಅದೇ ಘಟನೆಯನ್ನು ಗೆದ್ದವರ ಪೂಜಾರಿ ಹೇಗೆ ಹೇಳುತ್ತಾನೆ, ಸೋತವರ ಅಜ್ಜಿ ಹೇಗೆ ಹೇಳುತ್ತಾಳೆ, ಮಕ್ಕಳು ಯಾವ ಹಾಡಿನಲ್ಲಿ ಅದನ್ನು ಕುಣಿಯುತ್ತಾರೆ ಅಂತ ಬರೆಯುತ್ತೇನೆ. ಟಿಪ್ಪಣಿ ಗೇಮ್‌ನೊಳಗೆ ಹೋಗುವುದಿಲ್ಲ.

ಒಂದು ವಸ್ತುವಿನ ವಿವರಣೆ ತೋರಿಸುತ್ತೇನೆ. ನಮ್ಮಲ್ಲಿ ನಾಲಿಗೆ ಇಲ್ಲದ ಒಂದು ಗಂಟೆ ಸಿಗುತ್ತದೆ. ಸಾಮಾನ್ಯವಾಗಿ ಇಂಥದ್ದಕ್ಕೆ ಹೀಗೆ ಬರೆಯುತ್ತಾರೆ: "ಬೆಳಕಿನ ದೇವಿಯ ಪುರಾತನ ಗಂಟೆ. ದೇವಿಯ ತಮ್ಮ ಅವಳಿಗೆ ದ್ರೋಹ ಬಗೆದ ಮೇಲೆ ಅವಳ ಪೂಜೆ ನಿಷೇಧವಾಯಿತು." ಓದಿದವನಿಗೆ ವಿಷಯ ತಿಳಿಯಿತು, ಮುಗಿಯಿತು. ಗೇಮ್‌ನಲ್ಲಿ ಇರುವುದು ಇದು: "ನಾಲಿಗೆಯನ್ನು ಕಿತ್ತಿದ್ದಾರೆ. ಒಳಗಿನ ಅಂಚಿನಲ್ಲಿ ಬೆರಳ ಗೆಣ್ಣಿನಿಂದ ತಟ್ಟಿದ ಗುರುತುಗಳಿವೆ, ಹೊಸವು." ಇಷ್ಟೇ. ಯಾರೋ ಪೂಜೆ ನಿಲ್ಲಿಸಿದ್ದಾರೆ, ಇನ್ಯಾರೋ ನಿಲ್ಲಿಸಿಲ್ಲ. ಬಹಳ ದೂರದ ಇನ್ನೊಂದು ಊರಿನಲ್ಲಿ, ಒಂದು ಮನೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಒಂದು ಲೋಹದ ಗುಂಡು ಕಟ್ಟಿರುತ್ತಾರೆ. ಅದು ಆ ಗಂಟೆಯ ನಾಲಿಗೆ. ಆ ಮನೆಯಲ್ಲಿರುವವನು ಪೂಜಾರಿಯ ಮೊಮ್ಮಗ. ಇದನ್ನು ಗೇಮ್ ಎಲ್ಲೂ ಹೇಳುವುದಿಲ್ಲ. ಗಂಟೆಯನ್ನು ಹೊತ್ತು ಅಲ್ಲಿಗೆ ಹೋದರೆ ಬಾಗಿಲಿನ ಗುಂಡು ಸಣ್ಣಗೆ ಅಲುಗುತ್ತದೆ. ಡಾರ್ಕ್ ಸೋಲ್ಸ್, ಎಲ್ಡನ್ ರಿಂಗ್ ಥರದ ಗೇಮ್‌ಗಳು ಲೋರನ್ನು ವಸ್ತುಗಳ ವಿವರಣೆಯಲ್ಲಿ ಚೂರುಚೂರಾಗಿ ಹಂಚಿ ಈ ದಾರಿಯನ್ನು ಎಲ್ಲರಿಗೂ ಕಲಿಸಿದವು. ಅದನ್ನು ನಕಲು ಮಾಡಹೋದವರಲ್ಲಿ ಹಲವರು ಚೂರುಗಳನ್ನು ಹಂಚಿದರು, ಒಡೆಯುವ ಮೊದಲು ಇಡೀ ಪಾತ್ರೆ ಮಾಡಿರಲೇ ಇಲ್ಲ.

2011ರ ಡಾರ್ಕ್ ಸೋಲ್ಸ್‌ನಲ್ಲಿ ಇನ್ನೊಂದು ಜಾಗ ಇದೆ. ಆಡಿಲ್ಲದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ದೇವತೆಗಳ ನಗರ ಆನೋರ್ ಲೋಂಡೊ ಸಂಜೆಯ ಹೊಂಬಿಸಿಲಿನಲ್ಲಿ ಹೊಳೆಯುತ್ತಿರುತ್ತದೆ. ಒಳಗೆ ಗ್ವಿನೆವಿಯರ್ ಅನ್ನುವ ದೇವಿ ಕೂತು ಆಟಗಾರನಿಗೆ ಅನುಗ್ರಹ ಮಾಡುತ್ತಾಳೆ. ಯಾರಾದರೂ ಅವಳ ಮೇಲೆ ಬಾಣ ಬಿಟ್ಟರೆ ಅವಳು ಮಾಯವಾಗುತ್ತಾಳೆ. ಬಿಸಿಲೂ ಹೋಗಿ ನಗರ ಕತ್ತಲಾಗುತ್ತದೆ. ದೇವತೆಗಳು ಎಂದೋ ಬಿಟ್ಟುಹೋಗಿದ್ದಾರೆ, ಉಳಿದ ಒಬ್ಬ ಮಾಯೆಯಿಂದ ಸೂರ್ಯನನ್ನು ಹಿಡಿದಿಟ್ಟಿದ್ದಾನೆ. ಬಾಣ ಬಿಡದೆ ಕೈಮುಗಿದು ಹೋದವನಿಗೆ ಇದು ಗೊತ್ತೇ ಆಗದೆ ಆಟ ಮುಗಿಯಬಹುದು. ನಂಬಿದವನಿಗೊಂದು ಲೋಕ, ಅನುಮಾನಿಸಿದವನಿಗೆ ಇನ್ನೊಂದು. ಎರಡೂ ಒಂದೇ ಡಿಸ್ಕ್‌ನಲ್ಲಿ.

ನಂಬಿಕೆಯ ವಿಚಾರದಲ್ಲಿ ಬಹಳ ಫ್ಯಾಂಟಸಿ ಗೇಮ್‌ಗಳು ಎಡವುವುದು ಇಲ್ಲೇ ಅನ್ನಿಸುತ್ತದೆ. ದೇವರು ಬೀದಿಯಲ್ಲಿ ಸಿಗುತ್ತಾನೆ, ಕ್ವೆಸ್ಟ್ ಅಂತ ಮಾಡಬೇಕಾದ ಕೆಲಸ ಕೊಡುತ್ತಾನೆ, ಬಹುಮಾನ ಕೊಡುತ್ತಾನೆ. ಹಾಗಿದ್ದ ಮೇಲೆ ನಂಬುವುದಕ್ಕೆ ಏನು ಉಳಿಯಿತು? ಅವನು ದೊಡ್ಡ ಅಧಿಕಾರಿ ಅಷ್ಟೇ. ಡ್ರ್ಯಾಗನ್ ಏಜ್ ಸರಣಿ ಇದನ್ನು ಚೆನ್ನಾಗಿ ಹಿಡಿಯಿತು. ಅಲ್ಲಿ ಸೃಷ್ಟಿಕರ್ತ ಇದ್ದಾನೋ ಇಲ್ಲವೋ ಅಂತ ಗೇಮ್ ಹೇಳುವುದಿಲ್ಲ. ಅವನ ಹೆಸರಿನಲ್ಲಿ ಚರ್ಚ್ ಇದೆ, ಪ್ರಾರ್ಥನೆ ಇದೆ, ಯುದ್ಧಗಳಿವೆ. ಅವನು ಮಾತ್ರ ಬರುವುದಿಲ್ಲ. 1999ರ ಪ್ಲೇನ್‌ಸ್ಕೇಪ್ ಟಾರ್ಮೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ನಂಬಿಕೆಯೇ ಲೋಕವನ್ನು ಕಟ್ಟುತ್ತದೆ. ನಿಮ್ಮ ಹೆಸರು ಕೇಳಿದವರಿಗೆಲ್ಲ ಸುಳ್ಳು ಸುಳ್ಳೇ "ಆಡಾನ್" ಅಂತ ಹೇಳುತ್ತಾ ಹೋದರೆ, ಕೊನೆಗೊಂದು ದಿನ ಆಡಾನ್ ಅನ್ನುವ ಮನುಷ್ಯನೇ ನಿಮ್ಮೆದುರು ಬಂದು ನಿಲ್ಲುತ್ತಾನೆ.

ಇನ್ನು ದೇವರನ್ನು ಕೊಲ್ಲುವ ಗೇಮ್‌ಗಳು. ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಪಾನಿನ ರೋಲ್‌ಪ್ಲೇ ಗೇಮ್‌ಗಳಲ್ಲಂತೂ ಕೊನೆಯ ಬಾಸ್, ಅಂದರೆ ಸೋಲಿಸಬೇಕಾದ ದೊಡ್ಡ ಎದುರಾಳಿ, ದೇವರೇ ಆಗಿರುವುದು ಮಾಮೂಲು. ಅದರ ಹಿಂದೆ ದೊಡ್ಡ ತತ್ವ ಇದೆ ಅಂತ ಕೆಲವರು ಹೇಳುತ್ತಾರೆ, ಕೆಲವು ಕಡೆ ಇದೆ ಕೂಡ. ಬಹಳ ಸಲ ಕಾರಣ ಸಣ್ಣದು. ಕೈಯಲ್ಲಿರುವುದು ಹೊಡೆಯುವ ಬಟನ್, ಹಾಗಾಗಿ ಎದುರಿಗಿರುವವನು ಯಾರೇ ಆದರೂ ಹೊಡೆತ ತಿನ್ನಬೇಕು. 2006ರ ಓಕಾಮಿ ಬಟನ್ನನ್ನೇ ಬದಲಿಸಿತು. ಸೂರ್ಯದೇವತೆ ಅಮತೆರಾಸು ಅಲ್ಲಿ ಬಿಳಿ ತೋಳ. ಅವಳು ಕುಂಚದಿಂದ ಒಣಗಿದ ಮರವನ್ನು ಚಿಗುರಿಸುತ್ತಾಳೆ, ಪ್ರಾಣಿಗಳಿಗೆ ಮೇವು ಹಾಕುತ್ತಾಳೆ, ಅದರಿಂದ ಬಂದ ಸ್ತುತಿಯಿಂದ ಅವಳ ಶಕ್ತಿ ಬೆಳೆಯುತ್ತದೆ. ಹೊಡೆದಾಟವೂ ಇದೆ, ಆದರೆ ದೇವತೆ ಅಂದರೆ ಏನು ಮಾಡುವವಳು ಅನ್ನುವುದಕ್ಕೆ ಉತ್ತರ ಆ ಕುಂಚದಲ್ಲಿದೆ.

ಜನ ಇವತ್ತಿಗೂ ಪೂಜಿಸುವ ದೇವರುಗಳ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಸ್ಮೈಟ್ ಅನ್ನುವ ಗೇಮ್‌ನಲ್ಲಿ ಕಾಳಿಯನ್ನು ತೋರಿಸಿದ ರೀತಿಗೆ 2012ರಲ್ಲಿ ಹಿಂದೂ ಸಂಘಟನೆಗಳಿಂದ ಆಕ್ಷೇಪ ಬಂತು. ಅವಳ ಉಡುಗೆಯ ಬಗ್ಗೆ, ಆಟಗಾರರು ದೇವಿಯನ್ನು ಕುಣಿಸುವುದರ ಬಗ್ಗೆ. ಆ ಗೇಮ್‌ನಲ್ಲಿ ಝ್ಯೂಸ್ ಇದ್ದಾನೆ, ಕಾಳಿ ಇದ್ದಾಳೆ, ಏಸು ಇಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸತ್ತ ಧರ್ಮ ಅಂತ ನಾವು ಅಂದುಕೊಂಡದ್ದೂ ಪೂರ್ತಿ ಸತ್ತಿರುವುದಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಹಳೆಯ ನಾರ್ಸ್ ದೇವರುಗಳನ್ನು ನಂಬುವವರ ಸಂಘ 1972ರಲ್ಲಿ ಶುರುವಾಗಿ ಇವತ್ತಿಗೂ ಇದೆ. ಇನ್ನೊಂದು ಕಡೆ 2014ರ ನೆವರ್ ಅಲೋನ್ ಗೇಮ್ ಇದೆ. ಅಲಾಸ್ಕಾದ ಇನ್ಯುಪಿಯಾಟ್ ಜನರ ಕಥೆ, ಅವರ ಹಿರಿಯರನ್ನು ಕೂಡಿಸಿಕೊಂಡು, ಅವರದೇ ಭಾಷೆಯ ನಿರೂಪಣೆಯಲ್ಲಿ ಮಾಡಿದ್ದು. ನಮ್ಮವರೇ ಮಾಡಿದ 2020ರ ರಾಜಿ ಗೇಮ್‌ನಲ್ಲಿ ದುರ್ಗೆ ಮತ್ತು ವಿಷ್ಣು ಕಥೆ ಹೇಳುತ್ತಾರೆ, ಹೋರಾಡುವವಳು ರಾಜಿ ಅನ್ನುವ ಹುಡುಗಿ. ಆ ಜಾಗ ಹಂಚಿಕೆ ನನಗೆ ಜಾಣತನ ಅನ್ನಿಸಿತು.

ನಾನು ಇಟ್ಟುಕೊಂಡಿರುವ ನಿಯಮ: ಇವತ್ತು ಸಂಜೆ ಯಾರಾದರೂ ದೀಪ ಹಚ್ಚುವ ದೇವರ ತಲೆಯ ಮೇಲೆ ನಾನು ಹೆಲ್ತ್ ಬಾರ್, ಅಂದರೆ ಹೊಡೆದಂತೆ ಇಳಿಯುವ ಪ್ರಾಣದ ಪಟ್ಟಿ, ಇಡುವುದಿಲ್ಲ. ಷರತ್ತು ತಗೊಳ್ಳುತ್ತೇನೆ, ಹೆಸರು ರೂಪ ಎರಡನ್ನೂ ಹೊಸದಾಗಿ ಕಟ್ಟುತ್ತೇನೆ. ಇಷ್ಟು ಮಾಡಿದರೂ ಗುರುತು ಹಿಡಿಯುವವರು ಹಿಡಿಯುತ್ತಾರೆ. ಅದಕ್ಕೇ ಗುಡಿಯ ದೃಶ್ಯಗಳನ್ನು ದಿನಾ ಪೂಜೆ ಮಾಡುವ ಒಬ್ಬ ಹಿರಿಯರಿಗೆ ತೋರಿಸಿದೆವು. ನಮ್ಮ ದೇವಿ ಸುಳ್ಳು ಹೇಳುತ್ತಾಳೆ, ತಮ್ಮನಿಗೆ ಅನ್ಯಾಯ ಮಾಡುತ್ತಾಳೆ, ಅವರು ಅದಕ್ಕೆ ಬೇಸರ ಮಾಡಿಕೊಳ್ಳಬಹುದು ಅಂತ ಟೀಮಿನವರಿಗೆ ಅಳುಕು. ಅವರು ಅದನ್ನು ಕ್ಯಾರೇ ಅನ್ನಲಿಲ್ಲ. "ದೇವರು ತಪ್ಪು ಮಾಡದಿದ್ದರೆ ಪುರಾಣ ಹೇಗಪ್ಪಾ ನಡೆಯುತ್ತೆ?" ಅಂದರು. ಅವರು ಬೆರಳು ಇಟ್ಟದ್ದು ಬೇರೆ ಕಡೆ. ಗೇಮ್‌ಗಳಲ್ಲಿ ಮಡಕೆ ಒಡೆದರೆ ನಾಣ್ಯ ಸಿಗುವುದು ಹಳೆಯ ರೂಢಿ. ಗರ್ಭಗುಡಿಯಲ್ಲಿಟ್ಟ ಕಲಶಗಳೂ ಅದೇ ಮಾದರಿಯವು, ಕತ್ತಿ ಬೀಸಿದರೆ ಒಡೆದು ನಾಣ್ಯ ಉದುರುತ್ತಿತ್ತು. "ಇದನ್ನು ಯಾಕೆ ಒಡೆಯೋದು? ಯಾರೋ ತುಂಬಿಸಿ ಇಟ್ಟಿದ್ದಾರಲ್ಲ."

ಅವರು ಹೇಳಿದ್ದರಲ್ಲಿ ಒಂದು ನಿಯಮವೇ ಇತ್ತು. ಈಗ ಕಲಶ ಒಡೆಯುತ್ತದೆ, ನಾಣ್ಯವೂ ಬೀಳುತ್ತದೆ. ಆದರೆ ಮಾರನೇ ದಿನ ಅದೇ ಗುಡಿಗೆ ಹೋದರೆ ಒಬ್ಬ ಹೆಂಗಸು ಚೂರು ಆರಿಸುತ್ತಿರುತ್ತಾಳೆ, ಆಟಗಾರನನ್ನು ಮಾತಾಡಿಸುವುದಿಲ್ಲ. ದೇವಿಯ ಅನುಗ್ರಹ ಹಾಗೇ ಇರುತ್ತದೆ. ಊರಿನವರ ಅನುಗ್ರಹ ಹೋಗುತ್ತದೆ: ಅಂಗಡಿಯವನು ಬೆಲೆ ಏರಿಸುತ್ತಾನೆ, ವೈದ್ಯ ಬಾಗಿಲು ತೆರೆಯುವುದಿಲ್ಲ. ಧರ್ಮ ಅಂದರೆ ಆಕಾಶದಲ್ಲಿರುವವರ ಜಗಳ ಅಂತ ಬರೆಯುವುದು ಸುಲಭ. ಕಲಶ ತುಂಬಿಸಿ ಇಟ್ಟವರು ಯಾರು ಅಂತ ಬರೆಯುವುದಕ್ಕೆ ಹೆಚ್ಚು ಕೆಲಸ ಬೇಕು, ಹೆಚ್ಚು ಅನಿಮೇಷನ್ ಕೂಡ. ಅದಕ್ಕೆ ಬಜೆಟ್ ಕೇಳುವಾಗ ಆಗುವ ವಾದ ಇಲ್ಲಿ ಬೇಡ.

ಗೇಮ್ ಬಿಡುಗಡೆಯಾದ ಮೇಲೆ ಒಬ್ಬ ಆಟಗಾರ ಕೆರೆಗೇ ಹೋಗದೆ ಆ ರಾಜನನ್ನು ಕೊಂದ ವಿಡಿಯೋ ಹರಿದಾಡಿತು. ಟೀಮಿನಲ್ಲಿ ಗಡಿಬಿಡಿ. ನೋಡಿದರೆ, ರಾಜನ ದೊಡ್ಡ ಸುತ್ತಿಗೆ ಸಭಾಂಗಣದ ಕಂಬಗಳಿಗೆ ತಾಗಿದರೆ ಅವು ಬೀಳುತ್ತವೆ. ಆಟಗಾರ ಒಂದೇ ಕಂಬದ ಸುತ್ತ ಸುತ್ತುತ್ತಾ ರಾಜನಿಂದಲೇ ಅದನ್ನು ಹೊಡೆಸಿ, ಅವನ ಮೇಲೆಯೇ ಬೀಳುವ ಹಾಗೆ ಮಾಡಿದ್ದ. ಕೋಡ್ ನೋಡುವುದು ಹೊಡೆದವರು ಯಾರು, ಅವರಿಗೆ ಹೆಸರು ಗೊತ್ತೇ ಅಂತ. ಬೀಳುವ ಕಂಬಕ್ಕೆ ಹೊಡೆದವರು ಅಂತ ಯಾರೂ ಇಲ್ಲ. ಕಂಬಕ್ಕೆ ಕೈಯೂ ಇಲ್ಲ. ವರದಲ್ಲಿ ಇದ್ದದ್ದು "ಯಾರ ಕೈಯಿಂದಲೂ". ಅದೂ ಕಂಬವೇ ಆಗಬೇಕಿತ್ತಾ!

ಪ್ರೋಗ್ರಾಮರ್ ಗೆಳೆಯ ಅದನ್ನು ಬಗ್ ಪಟ್ಟಿಗೆ ಹಾಕಿದ್ದ. ಮುಂದಿನ ಪ್ಯಾಚ್‌ನಲ್ಲಿ, ಅಂದರೆ ತಿದ್ದುಪಡಿಯಲ್ಲಿ, ಸರಿ ಮಾಡುತ್ತೇನೆ ಅಂದ. ಮುಟ್ಟಬೇಡ ಮಾರಾಯ ಅಂತ ಅವನನ್ನು ತಡೆದೆ. ವರದ ಮಾತು ಮೂರು ಕಡೆ ಬರೆದಿದ್ದೇವೆ, ಅದರಲ್ಲಿ ಕಂಬದ ಸುದ್ದಿ ಇಲ್ಲ, ಆಟಗಾರ ಓದಿ ಗೆದ್ದಿದ್ದಾನೆ. ಪ್ಯಾಚ್ ಬಂತು, ಕಂಬ ಹಾಗೇ ಉಳಿಯಿತು. ಅದರ ಬದಲು ಕೋಟೆ ಬಾಗಿಲಲ್ಲಿ ಕೂರುವ ಮುದುಕಿಗೆ ಒಂದು ಹೊಸ ಸಾಲು ಕೊಟ್ಟೆವು: "ರಾಜನ್ನ ಯಾರೂ ಕೊಲ್ಲಲಿಲ್ಲ ಕಣಪ್ಪಾ. ಅವನ ಅರಮನೆಗೇ ಅವನು ಸಾಕಾಗಿತ್ತು." ಕೆರೆಯಲ್ಲಿ ಮುಳುಗಿ ಬಂದು ಗೆದ್ದವರಿಗೆ ಅವಳು ಈ ಮಾತು ಹೇಳುವುದಿಲ್ಲ. ಅವರ ಹತ್ತಿರ, "ಸತ್ತನಂತಲ್ಲ, ಏನವನ ಹೆಸರು?" ಅಂತ ಕೇಳುತ್ತಾಳೆ.